ಮೊದಲಿಗನು ನಡುವಿನವನಾದಾಗ

ಪ್ರತಿವರ್ಷ ಚಾತುರ್ಮಾಸ್ಯದ ದಿನಗಳಲ್ಲಿ ನಮ್ಮ ಮಹಾನಗರಗಳ ಆಸ್ತಿಕ ಕುಟುಂಬಗಳ ಅನೇಕ ಮಕ್ಕಳು ವಿಶ್ವವಿದ್ಯಾಲಯದ ಮೆಟ್ಟಿಲೇರುತ್ತಾರೆ. ಡೊಂಬಿವಲಿಯ ಹುಡುಗ ಖರಗಪುರಕ್ಕೆ ಹೊರಡುತ್ತಾನೆ, ಹೈದರಾಬಾದಿನ ಹುಡುಗಿ ದೆಹಲಿಗೆ. ಆಗ ಮಠಕ್ಕೆ ಬರುವ ತಂದೆತಾಯಿಗಳು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು. ಹಾಸ್ಟೆಲಿನ ಊಟದಲ್ಲಿ ಈರುಳ್ಳಿ ಬೆಳ್ಳುಳ್ಳಿಗಳನ್ನು ಬಿಡುವುದೆಂತು? ಏಕಾದಶಿಯ ಗತಿಯೇನು? ಸಂಧ್ಯಾವಂದನೆಗೆ ಸ್ಥಳವೆಲ್ಲಿ? ಇವು ಯುಕ್ತವಾದ ಪ್ರಶ್ನೆಗಳೇ. ಶ್ರದ್ಧೆಯುಳ್ಳವನಿಗೆ ಇವಕ್ಕೆ ದಾರಿ ದೊರೆಯುತ್ತದೆ. ಹಾಲು ಹಣ್ಣು ಸಿಗದ ವಿದ್ಯಾನಗರವನ್ನು ನಾವಂತೂ ಕಂಡಿಲ್ಲ. ಆದರೆ ಮೊದಲ ವರ್ಷದಲ್ಲಿ ಆ ಮಗುವಿನ ಅಂತಃಕರಣಕ್ಕೆ ಬೀಳುವ ದೊಡ್ಡ ಪೆಟ್ಟು ಬೇರೊಂದಿದೆ. ಅದರ ವಿಷಯವಾಗಿ ಕೇಳುವವರು ವಿರಳ.

ಹನ್ನೆರಡು ವರ್ಷ ಶಾಲೆಯಲ್ಲಿ ಮೊದಲಿಗನೆನಿಸಿಕೊಂಡವನು ಅಲ್ಲಿ ನಡುವಿನವನಾಗುತ್ತಾನೆ; ಕೆಲವೊಮ್ಮೆ ಕೊನೆಯವನೂ ಆಗುತ್ತಾನೆ. ಇದು ಲೆಕ್ಕದ ಮಾತು. 2024ರಲ್ಲಿ ಐಐಟಿಗಳ ಪ್ರವೇಶಕ್ಕಾಗಿ ಜೆಇಇ ಅಡ್ವಾನ್ಸ್ಡ್ ಪರೀಕ್ಷೆ ಬರೆದವರು 1,80,000ಕ್ಕೂ ಮಿಗಿಲು. ಇದ್ದ ಸ್ಥಾನಗಳು 18,000ಕ್ಕೆ ತುಸು ಕಡಮೆ. ಹೀಗೆ ಸೋಸಿ ಬಂದವರೆಲ್ಲರೂ ತಮ್ಮ ತಮ್ಮ ಶಾಲೆಗಳಲ್ಲಿ ಮುಂದಿದ್ದವರೇ. ಅವರನ್ನು ಒಂದೇ ಕೊಠಡಿಯಲ್ಲಿ ಕೂರಿಸಿದರೆ ಅರ್ಧಕ್ಕರ್ಧ ಜನ ನಡುವಿಗಿಂತ ಕೆಳಗೆ ಇರಲೇಬೇಕು. ಅನೇಕ ಸಂಸ್ಥೆಗಳಲ್ಲಿ ಸಹಪಾಠಿಗಳ ಅಂಕಗಳೊಡನೆ ಹೋಲಿಸಿಯೇ ಶ್ರೇಣಿ ಕೊಡುವುದರಿಂದ ಈ ಅಂತರವು ಕಣ್ಣಿಗೆ ಹೊಡೆದು ಕಾಣುತ್ತದೆ. ಮೊದಲ ಸೆಮಿಸ್ಟರಿನ ಫಲಿತಾಂಶ ಬಂದ ರಾತ್ರಿ ಮನೆಗೆ ಫೋನು ಮಾಡದೆ ದೀಪವಾರಿಸಿ ಮಲಗಿದ ಮಕ್ಕಳಿದ್ದಾರೆ. ಅಲ್ಲಿಗೇ ನಿಲ್ಲದೆ ಪ್ರಾಣವನ್ನೇ ಕಳೆದುಕೊಂಡವರ ಸುದ್ದಿಯನ್ನೂ ಪತ್ರಿಕೆಗಳಲ್ಲಿ ಓದಿದ್ದೇವೆ.

ಇಂಥವನಿಗೆ ಲೋಕವು ಹೇಳುವ ಸಮಾಧಾನ, ‘ಎಲ್ಲರೂ ಸಮಾನರೇ, ಬೇಸರಿಸಬೇಡ’ ಎಂಬುದು. ಸದುದ್ದೇಶದ ಮಾತಾದರೂ ಹುಡುಗನು ಇದನ್ನು ನಂಬುವುದಿಲ್ಲ. ತಾನು ಮೂರು ದಿನ ಹೆಣಗಿದ ಲೆಕ್ಕವನ್ನು ಪಕ್ಕದ ಕೋಣೆಯವನು ಅರ್ಧ ಗಂಟೆಯಲ್ಲಿ ಬಿಡಿಸಿದ್ದನ್ನು ಅವನು ಕಣ್ಣಾರೆ ಕಂಡಿದ್ದಾನೆ. ನಮ್ಮ ಸಿದ್ಧಾಂತವೂ ಈ ಸಮಾಧಾನವನ್ನು ಒಪ್ಪದು. ಜೀವಜೀವರ ಭೇದವು ಪಂಚಭೇದಗಳಲ್ಲಿ ಒಂದು. ತಾರತಮ್ಯವು ಸತ್ಯ, ಮೋಕ್ಷದಲ್ಲಿಯೂ ಅಳಿಯತಕ್ಕದ್ದಲ್ಲ. ತೈತ್ತಿರೀಯೋಪನಿಷತ್ತು ಆನಂದದ ಮೀಮಾಂಸೆಯನ್ನು ಎಲ್ಲಿಂದ ಆರಂಭಿಸುತ್ತದೆಂಬುದನ್ನು ಇಲ್ಲಿ ನೆನೆಯಬಹುದು. ವಯಸ್ಸು, ಸೌಶೀಲ್ಯ, ಅಧ್ಯಯನ, ದೇಹಬಲ ಎಲ್ಲವೂ ಇರುವ ಒಬ್ಬ ತರುಣನ ಸುಖವೇ ಅಲ್ಲಿ ಮೊದಲ ಅಳತೆ. ಅಲ್ಲಿಂದ ಮನುಷ್ಯಗಂಧರ್ವರು ಮೊದಲುಗೊಂಡು ಬ್ರಹ್ಮನವರೆಗೆ ಮೆಟ್ಟಿಲು ಮೆಟ್ಟಿಲಿಗೆ ನೂರ್ಮಡಿ. ಅಧ್ಯಯನಶೀಲನಾದ ತರುಣನು ಏಣಿಯ ಬುಡದಲ್ಲಿದ್ದಾನೆ. ಅವನನ್ನು ಅಲ್ಲಿರಿಸಿದ್ದು ಅವಮಾನವೆಂದು ಯಾವ ವ್ಯಾಖ್ಯಾನಕಾರರೂ ಹೇಳಿಲ್ಲ.

ಹಾಗಾದರೆ ದುಃಖ ಬಂದುದೆಲ್ಲಿಂದ? ಮುಕ್ತರ ವಿಷಯದಲ್ಲಿ ನಮ್ಮ ಹಿರಿಯರು ಪಾತ್ರೆಗಳ ದೃಷ್ಟಾಂತವನ್ನು ಹೇಳುತ್ತಾರೆ. ಬಿಂದಿಗೆ, ಕೊಡ, ಹಂಡೆ ಎಲ್ಲವೂ ಅಂಚಿನವರೆಗೆ ತುಂಬಿವೆ. ಬಿಂದಿಗೆಯಲ್ಲಿ ನೀರು ಕಡಮೆ, ಕೊರತೆಯಿಲ್ಲ. ತಮಗಿಂತ ಉತ್ತಮರನ್ನು ಕಂಡು ಮುಕ್ತರಿಗೆ ಭಕ್ತಿಯುಂಟಾಗುತ್ತದೆಯೇ ಹೊರತು ಮತ್ಸರವಿಲ್ಲ. ನಮ್ಮ ಹುಡುಗನನ್ನು ಸುಡುವುದು ಪಕ್ಕದವನ ಬುದ್ಧಿಯ ಹೆಚ್ಚಳವಲ್ಲ, ‘ನಾನು ಮೊದಲಿಗ’ ಎಂಬ ಅಭಿಮಾನ. ಅದನ್ನು ಬಿತ್ತಿದವರು ಯಾರು ಎಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಮಠದ ಸಭೆಯಲ್ಲಿ ಶಾಲು ಹೊದಿಸಿ, ಶೇಕಡಾವಾರು ಅಂಕವನ್ನು ಎರಡು ಸಲ ಧ್ವನಿವರ್ಧಕದಲ್ಲಿ ಓದಿದವರು ನಾವೇ.

ಇಲ್ಲಿ ಒಂದು ಆಕ್ಷೇಪ ಹುಟ್ಟುತ್ತದೆ. ತಾರತಮ್ಯವು ಸತ್ಯವಾದರೆ ಹುಡುಗನು ‘ನನ್ನ ಯೋಗ್ಯತೆಯೇ ಇಷ್ಟು’ ಎಂದು ಪುಸ್ತಕ ಮುಚ್ಚಬಹುದಲ್ಲ? ಮುಚ್ಚಬಾರದು. ಶಾಸ್ತ್ರವು ಯೋಗ್ಯತೆಯೆನ್ನುವುದು ಜೀವನ ಸ್ವರೂಪಕ್ಕೆ ಸೇರಿದ ಸಂಗತಿ. ಅಪರೋಕ್ಷಜ್ಞಾನಿಗಳಲ್ಲದ ನಮಗೆ ಅದು ಕಾಣದು, ಪರರದೂ ಕಾಣದು. ಸೆಮಿಸ್ಟರಿನ ಅಂಕವು ಅಳೆಯುವುದು ನಾಲ್ಕು ತಿಂಗಳಲ್ಲಿ ಐದಾರು ವಿಷಯಗಳನ್ನು ಎಷ್ಟು ಓದಿದನೆಂಬುದನ್ನು ಮಾತ್ರ. ಅದರಲ್ಲಿಯೂ ಎಷ್ಟೋ ಉಪಾಧಿಗಳು ಬೆರೆತಿವೆ: ಹಿಂದಿನ ಶಾಲೆ ಎಂಥದು, ಕಲಿತದ್ದು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ, ಹೊಸ ಊರಿನಲ್ಲಿ ನಿದ್ದೆ ಬಂದಿತೋ ಇಲ್ಲವೋ. ಇಂಥ ಕೋಲಿನಿಂದ ಸ್ವರೂಪವನ್ನು ಅಳೆಯಹೊರಡುವುದು ತರ್ಕದೋಷ. ಯೋಗ್ಯತೆ, ಅನಾದಿಕರ್ಮ, ಪ್ರಯತ್ನ ಎಂಬ ಮೂರರಲ್ಲಿ ನಮ್ಮ ಕೈಗೆಟಕುವುದು ಪ್ರಯತ್ನವೊಂದೇ. ಅದೂ ಶ್ರೀಹರಿಯ ಅಧೀನವಾಗಿ. ಮುಂದಿದ್ದವನ ಬಳಿ ಹೋಗಿ ‘ಇದು ನನಗೆ ತಿಳಿಯಲಿಲ್ಲ, ಹೇಳಿಕೊಡು’ ಎಂದು ಕೇಳುವುದು ಆ ಪ್ರಯತ್ನದ ಮೊದಲ ಕೆಲಸ. ಮೊದಲಿಗನಾಗಿ ಬೆಳೆದವನಿಗೆ ಅತ್ಯಂತ ಕಷ್ಟವಾದುದೂ ಅದೇ.

ಶ್ರೀ ಜಗನ್ನಾಥದಾಸರ ಪೂರ್ವಾಶ್ರಮದ ಕಥೆ ಎಲ್ಲರಿಗೂ ತಿಳಿದದ್ದು. ಮಾನ್ವಿಯ ಶ್ರೀನಿವಾಸಾಚಾರ್ಯರು ಸಂಸ್ಕೃತದ ಮಹಾಪಂಡಿತರು. ಕನ್ನಡದಲ್ಲಿ ಹಾಡುವ ದಾಸರಲ್ಲಿ ಅವರಿಗೆ ಉದಾಸೀನ. ವಿಜಯದಾಸರು ಪ್ರಸಾದಕ್ಕೆ ಕರೆದರೆ ಹೊಟ್ಟೆನೋವೆಂದು ನೆವ ಹೇಳಿದರು, ಆ ನೋವೇ ನಿಜವಾಯಿತು ಎಂದು ಪರಂಪರೆ ಹೇಳುತ್ತದೆ. ತಾವು ಕಡೆಗಣಿಸಿದ ದಾಸಮಾರ್ಗದವರೇ ಆದ ಗೋಪಾಲದಾಸರ ಬಾಗಿಲಿಗೆ ಅವರು ಹೋಗಿ ನಿಲ್ಲಬೇಕಾಯಿತು. ಅಲ್ಲಿ ಅವರ ಪಾಂಡಿತ್ಯ ಕಿಂಚಿತ್ತೂ ಕಡಮೆಯಾಗಲಿಲ್ಲ. ಹರಿಕಥಾಮೃತಸಾರದ ಪುಟಪುಟದಲ್ಲಿಯೂ ಅದು ಕಾಣುತ್ತದೆ, ತಾರತಮ್ಯವನ್ನು ಹೇಳುವ ಸಂಧಿಗಳಲ್ಲಂತೂ ಇನ್ನೂ ಸ್ಪಷ್ಟವಾಗಿ.

ಮಗುವು ಊಟ ಬಿಟ್ಟಿದ್ದರೆ, ಹಗಲೆಲ್ಲ ಮಲಗಿದ್ದರೆ, ಮಾತು ಕಡಮೆಯಾಗಿದ್ದರೆ ಅದಕ್ಕೆ ಪ್ರವಚನ ಸಾಲದು. ಬಹುತೇಕ ದೊಡ್ಡ ಸಂಸ್ಥೆಗಳಲ್ಲಿ ಈಗ ಆಪ್ತಸಮಾಲೋಚಕರಿದ್ದಾರೆ. ಭಾರತ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೂ ಮಾತನಾಡಬಹುದು. ಜ್ವರಕ್ಕೆ ವೈದ್ಯರಲ್ಲಿಗೆ ಹೋಗುವುದರಲ್ಲಿ ಹೇಗೆ ಭಕ್ತಿಲೋಪವಿಲ್ಲವೋ ಇದರಲ್ಲಿಯೂ ಇಲ್ಲ. ತಂದೆತಾಯಿಗಳು ಭಾನುವಾರ ಫೋನಿನಲ್ಲಿ ‘ಎಷ್ಟು ಬಂತು, ಎಷ್ಟನೆಯವನು?’ ಎಂಬುದನ್ನು ಒಂದು ವರ್ಷದ ಮಟ್ಟಿಗಾದರೂ ಕಟ್ಟಿಡಲಿ. ದ್ವಾದಶಿಯ ಬೆಳಿಗ್ಗೆ ಏನು ಸಿಕ್ಕಿತು, ಪಕ್ಕದ ಕೋಣೆಯವನು ಯಾವ ಊರಿನವನು, ಅವನಿಂದ ಏನು ಕಲಿತೆ ಎಂದು ಕೇಳಲಿ.