ಎಷ್ಟು ಸ್ಮೃತಿ ಸಾಕು?

ಕನ್ನಡ ಸಂಘವೊಂದರ ಕಾರ್ಯಕಾರಿ ಸಮಿತಿಯಲ್ಲಿ ಗಣಕಯಂತ್ರದ ಸ್ಮೃತಿಯ ಪ್ರಶ್ನೆ ಚರ್ಚೆಗೆ ಬರಬಹುದೆಂದು ಸಂಘವನ್ನು ಕಟ್ಟಿದ ಹಿರಿಯರು ಎಣಿಸಿರಲಾರರು. ಆದರೂ ಬಂತು. ಸದಸ್ಯರ ಮನೆಗಳ ಅಟ್ಟದಿಂದ ಇಳಿಸಿದ ಹಳೆಯ ಛಾಯಾಚಿತ್ರಗಳನ್ನು ಸ್ಕ್ಯಾನ್ ಮಾಡಿ, ಕಲೆ ತೆಗೆದು, ಉಳಿಸಿಡುವ ಕೆಲಸಕ್ಕೆ ನಾವು ಕೈಹಾಕಿದ್ದೆವು. ಕಾಸರಗೋಡಿನ ಮಳೆಗಾಲ ಕಾಗದಕ್ಕೆ ಕರುಣೆ ತೋರುವುದಿಲ್ಲ. ಬೂಷ್ಟು ಹಿಡಿಯದ, ಗೆದ್ದಲು ಮುಟ್ಟದ ಚಿತ್ರ ಸಿಕ್ಕಿದರೆ ಅದೇ ಭಾಗ್ಯ. 1956ರ ನವೆಂಬರ್ 1ರಂದು ಈ ನಾಡು ಕೇರಳಕ್ಕೆ ಸೇರುವ ಮೊದಲು ನಮ್ಮ ಊರಿನ ಶಾಲೆಗಳಲ್ಲಿ ಯಾರು ಕಲಿಸಿದರು, ಯಾರು ಕಲಿತರು ಎಂಬುದಕ್ಕೆ ಹಲವು ಮನೆಗಳಲ್ಲಿ ಉಳಿದಿರುವ ಸಾಕ್ಷ್ಯ ಈ ಚಿತ್ರಗಳು ಮಾತ್ರ.

ಸಂಘದ ಗಣಕದಲ್ಲಿದ್ದುದು 8 ಜಿಬಿ ರ‍್ಯಾಮ್. ದೊಡ್ಡ ಚಿತ್ರವನ್ನು ತೆರೆದು ತಿದ್ದಲು ಹೊರಟರೆ ಅದು ಸ್ತಬ್ಧವಾಗುತ್ತಿತ್ತು. ಸಂಭಾವನೆಯಿಲ್ಲದೆ ಈ ಕೆಲಸ ಮಾಡುತ್ತಿದ್ದ ಕಾಲೇಜು ವಿದ್ಯಾರ್ಥಿನಿ 16ಕ್ಕೆ ಏರಿಸಬೇಕೆಂದು ಕೇಳಿಕೊಂಡಳು. ಅದಕ್ಕಾಗಿ ನಾವು ಎರಡು ಸಭೆ ನಡೆಸಿದೆವು. ವಂತಿಗೆಯ ಹಣ, ಇದ್ದುದರಲ್ಲಿಯೇ ಸುಧಾರಿಸಬೇಕೆಂದು ಕೆಲವರು. ಕಾಲಕ್ಕೆ ತಕ್ಕ ಸಲಕರಣೆ ಬೇಡವೇ ಎಂದು ಮತ್ತೆ ಕೆಲವರು. ಎರಡೂ ಪಕ್ಷದವರ ಮಾತಿನಲ್ಲಿ ನ್ಯಾಯವಿತ್ತು. ಯಾರಲ್ಲಿಯೂ ಲೆಕ್ಕವಿರಲಿಲ್ಲ.

ಲೆಕ್ಕ ಹಾಕಿದಾಗ ತಿಳಿದದ್ದು ಇಷ್ಟು. ರ‍್ಯಾಮ್ ಎಂಬುದು ಕಪಾಟಲ್ಲ, ಕೆಲಸದ ಮೇಜು. ಮೇಜು ತುಂಬಿದರೆ ಗಣಕವು ಕೆಲವು ಕಾಗದಗಳನ್ನು ಕಪಾಟಿಗೆ ಒಯ್ದಿಟ್ಟು, ಬೇಕಾದಾಗ ಮತ್ತೆ ತರುತ್ತದೆ. ಈ ಓಡಾಟವನ್ನೇ ನಾವು ನಿಧಾನವೆನ್ನುತ್ತೇವೆ. 10 ಅಂಗುಲಕ್ಕೆ 8 ಅಂಗುಲದ ಒಂದು ಗುಂಪುಚಿತ್ರವನ್ನು ನಾವು ಅಂಗುಲಕ್ಕೆ 1200 ಬಿಂದುಗಳಂತೆ ಸ್ಕ್ಯಾನ್ ಮಾಡುತ್ತಿದ್ದೆವು. ಅಂದರೆ ಹನ್ನೊಂದೂವರೆ ಕೋಟಿ ಬಿಂದುಗಳು, ಸುಮಾರು 345 ಮೆಗಾಬೈಟ್. ತಿದ್ದುವಾಗ ಒಂದರ ಮೇಲೊಂದು ಹತ್ತು ಪದರ ಇಟ್ಟರೆ ಮೂರೂವರೆ ಜಿಬಿ ಅದಕ್ಕೇ ಬೇಕು. ಅದೇ ಚಿತ್ರಕ್ಕೆ 600 ಬಿಂದುಗಳು ಸಾಕೆಂದರೆ ಭಾರ ಕಾಲುಭಾಗಕ್ಕೆ, ಸುಮಾರು 86 ಮೆಗಾಬೈಟಿಗೆ ಇಳಿಯುತ್ತದೆ. ಹಳೆಯ ಮುದ್ರಿತ ಚಿತ್ರದ ವಿವರಗಳಿಗೆ ಸಾಮಾನ್ಯವಾಗಿ ಅಷ್ಟು ಧಾರಾಳ ಸಾಕು. ಚಿತ್ರದಲ್ಲಿಯೇ ಇಲ್ಲದ ಸೂಕ್ಷ್ಮವನ್ನು ನಾವು ಸಂಖ್ಯೆಯಿಂದ ಹುಡುಕುತ್ತಿದ್ದೆವು.

ಹಾಗಾದರೆ ಕೊರತೆ ಯಂತ್ರದ್ದಲ್ಲ, ನಮ್ಮ ಆಸೆಯದು ಎಂದು ತೀರ್ಪು ಕೊಡುವುದು ಸುಲಭ. ಅಪರಿಗ್ರಹವನ್ನು ಹೊಗಳುವುದು ನಮಗೆ ರೂಢಿಯೂ ಹೌದು. ಆದರೆ ಮಿತವ್ಯಯವೂ ಕೆಲವೊಮ್ಮೆ ಪರರ ಖರ್ಚಿನಲ್ಲಿ ನಡೆಯುತ್ತದೆ. ನಾವು ಉಳಿಸಿದ ಹಣಕ್ಕೆ ಆ ವಿದ್ಯಾರ್ಥಿನಿ ತನ್ನ ಸಂಜೆಗಳನ್ನು ತೆರುತ್ತಿದ್ದಳು. ಪರದೆಯ ಮುಂದೆ ಕಾಯುತ್ತ ಕೂರುವವಳು ಅವಳು, ಸರಳತೆಯ ಸಮಾಧಾನ ಪಡೆಯುವವರು ನಾವು. ಬೇಕೋ ಬೇಡವೋ ಎಂದು ಕೇಳುವ ಮುನ್ನ, ಇಲ್ಲದಿರುವುದರ ಕಷ್ಟ ಯಾರ ಪಾಲಿಗೆ ಬೀಳುತ್ತಿದೆ ಎಂದು ಕೇಳಬೇಕಿತ್ತು.

ಇದಕ್ಕಿಂತ ದೊಡ್ಡ ಪಾಠ ಬೇರೆ ಕಡೆಯಿಂದ ಬಂತು. ಶಾಲಾ ವಾರ್ಷಿಕೋತ್ಸವದ ಒಂದು ಚಿತ್ರದಲ್ಲಿ ಮೂವತ್ತೆರಡು ಮುಖಗಳಿದ್ದವು. ಅವರಲ್ಲಿ ಹೆಚ್ಚಿನವರನ್ನು ಬಲ್ಲ ನಿವೃತ್ತ ಮಾಸ್ಟ್ರೊಬ್ಬರಿದ್ದರು. ಚಿತ್ರ ಚೊಕ್ಕವಾದ ಮೇಲೆ ತೋರಿಸೋಣವೆಂದು ನಾವು ಕಾದೆವು. ಕೊನೆಗೆ ಅವರ ಮನೆಗೆ ಹೋದಾಗ, ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಒಂಬತ್ತು ಹೆಸರು ಹೇಳಿದರು. ಆಮೇಲೆ, “ಹೋದ ವರ್ಷವೇ ಬರಬೇಕಿತ್ತು ನೀವು. ಮುಖ ಎಲ್ಲ ಗೊತ್ತುಂಟು, ಹೆಸರು ಬರುವುದಿಲ್ಲ” ಎಂದರು.

ನಮ್ಮಲ್ಲಿ ಯಾರೂ ಮಾತಾಡಲಿಲ್ಲ. ಅವರು ತೋರಿದ ಒಂಬತ್ತು ಮಂದಿಯನ್ನು ಗುರುತಿಸಲು ತಿದ್ದದ ಚಿತ್ರವೇ ಸಾಕಾಗುತ್ತಿತ್ತು. ಕಲೆಯಿದ್ದ ಆ ಕಾಗದವನ್ನೇ ಕೈಯಲ್ಲಿ ಹಿಡಿದು ಒಂದು ವರ್ಷ ಮೊದಲು ಹೋಗಿದ್ದರೆ ಇನ್ನೆಷ್ಟು ಹೆಸರು ಸಿಗುತ್ತಿದ್ದವೋ! ಯಂತ್ರದ ಸ್ಮೃತಿಯನ್ನು ಯಾವಾಗ ಬೇಕಾದರೂ ಕೊಳ್ಳಬಹುದು. ಮನುಷ್ಯರ ನೆನಪಿಗೆ ಅಂಗಡಿಯಿಲ್ಲ. ಇವೆರಡರಲ್ಲಿ ಯಾವುದು ಮೊದಲು ಎಂಬುದನ್ನು ನಾವು ತಲೆಕೆಳಗು ಮಾಡಿಕೊಂಡಿದ್ದೆವು.

ಅನಂತರ ಮೂರು ನಿರ್ಣಯಗಳಾದವು. ಯಾವ ಚಿತ್ರವನ್ನೇ ಆಗಲಿ, ತಿದ್ದುವ ಮೊದಲು ಅದನ್ನು ಬಲ್ಲ ಹಿರಿಯರ ಮನೆಗೆ ಒಯ್ಯುವುದು. ಗೆದ್ದಲು ತಿಂದ ಮುಖವನ್ನು ಕಲ್ಪಿಸಿ ತುಂಬದೆ, ತಿಂದ ಜಾಗವನ್ನು ಹಾಗೆಯೇ ಬಿಡುವುದು; ಅಲ್ಲಿ ಹೊಸ ಮುಖ ಬರೆದರೆ ಅದು ನೆನಪಲ್ಲ, ಸುಳ್ಳು ಸಾಕ್ಷ್ಯ. ಮೂರನೆಯದು, 600 ಬಿಂದುಗಳಿಗೆ ಇಳಿಸಿ, ಒಂದು ತಿಂಗಳು ಗಣಕದ ಬಳಕೆಯನ್ನು ಗಮನಿಸಿ, ಆಗಲೂ ಮೇಜು ತುಂಬುತ್ತಿದ್ದರೆ ಹಿಂಜರಿಯದೆ 8 ಜಿಬಿ ಸೇರಿಸುವುದು. ಇತರ ಕೆಲಸಗಳೂ ಜೊತೆಗೆ ನಡೆಯುವಾಗ ತುಂಬುತ್ತಲೇ ಇತ್ತು. ಖಾಲಿಯಿದ್ದ ಎರಡನೆಯ ಸ್ಲಾಟಿಗೆ ಹೊಸ ರ‍್ಯಾಮ್ ಹಾಕಿಸಿದೆವು. ಯಾರಿಗೂ ಪಶ್ಚಾತ್ತಾಪವಾಗಲಿಲ್ಲ.

ಉಳಿದ ಇಪ್ಪತ್ತಮೂರು ಮುಖಗಳು ಆ ಗಣಕದಲ್ಲಿ ಈಗ ಬಹಳ ಸ್ಪಷ್ಟವಾಗಿವೆ. ಅವರು ಯಾರೆಂದು ನಮಗೆ ತಿಳಿಯದು. ಈ ಸಂಚಿಕೆಯನ್ನು ಓದುವ ಬಂಧುಗಳಲ್ಲಿ ನಮ್ಮದೊಂದು ವಿನಂತಿ: ಮನೆಯ ಹಳೆಯ ಚಿತ್ರಗಳನ್ನು ಇಳಿಸಿ, ಅಜ್ಜ ಅಜ್ಜಿಯರ ಬಳಿ ಕುಳಿತು, ಹಿಂಬದಿಯಲ್ಲಿ ಮೆದು ಪೆನ್ಸಿಲಿನಿಂದ ಹೆಸರುಗಳನ್ನು ಬರೆಯಿರಿ. ಚೊಕ್ಕ ಮಾಡುವ ಕೆಲಸ ಆಮೇಲೆ ಆಗಲಿ.