ಒಳಗಿನಿಂದ ಬಿರಿಯುವುದು

ಶಹಾಬಾದದ ನಮ್ಮ ಮನೆಯ ಹಿತ್ತಲಲ್ಲಿ ನಾಲ್ಕು ಪರ್ಸಿ ಕಲ್ಲು ಆನಿಸಿ ಮಾಡಿದ ಕೋಳಿಗೂಡಿತ್ತು. ಕಾವಿಗೆ ಕೂತ ಇಪ್ಪತ್ತೊಂದನೇ ದಿನ ಒಂದು ತತ್ತಿಯ ಮೇಲೆ ಸಣ್ಣ ಬಿರುಕು ಕಂಡಿತು. ಒಳಗಿನಿಂದ ಕಿಚಿಕಿಚಿ ಸದ್ದು. ಮಧ್ಯಾಹ್ನವಾದರೂ ಬಿರುಕು ಅಷ್ಟೇ ಇತ್ತು. ತಾಳಲಾರದೆ ಉಗುರಿನಿಂದ ಸಿಪ್ಪೆ ಕೀಳಲು ಹೋದೆ. ಅಜ್ಜಿ ಕೈ ಹಿಡಿದಳು. "ಮುಟ್ಟಬ್ಯಾಡ. ಅದು ತಾನೇ ಬರ್ತದ."

ಅಜ್ಜಿ ಹೇಳಿದ್ದು ಯಾಕೆ ಸರಿಯೆಂದು ಎಷ್ಟೋ ವರ್ಷದ ಮೇಲೆ ಓದಿ ತಿಳಿದೆ. ಬಿರುಕು ಬಿಟ್ಟ ಮೇಲೂ ಸಿಪ್ಪೆಯ ಒಳಪೊರೆಯಲ್ಲಿ ಮರಿಯ ರಕ್ತ ಹರಿಯುತ್ತಿರುತ್ತದೆ. ಆ ರಕ್ತವನ್ನೂ ಉಳಿದ ಹಳದಿಯನ್ನೂ ಮರಿ ನಿಧಾನವಾಗಿ ತನ್ನೊಳಗೆ ಎಳೆದುಕೊಳ್ಳಬೇಕು. ಹೊರಗಿನವರು ಅವಸರ ಮಾಡಿದರೆ ಮರಿ ರಕ್ತ ಸೋರಿ ಸಾಯಬಹುದು.

ಹೋದ ವಾರ ತಂಗಿ ಫೋನಿನಲ್ಲಿ ಒಂದು ಚಿತ್ರ ತೋರಿಸಿದಾಗ ಆ ಹಿತ್ತಲು ಕಣ್ಣ ಮುಂದೆ ಬಂತು. ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ಬೆಳೆಸಿದ ಅವಳ ಐದು ದಿನದ ಭ್ರೂಣ. ಬೂದು ಬಣ್ಣದ ದುಂಡು. ಅದರ ಒಂದು ಬದಿಯಿಂದ ಜೀವಕೋಶಗಳ ಗುಂಪೊಂದು ಹೊರಗೆ ಉಬ್ಬಿತ್ತು. ಡಮರುಗದ ಹಾಗೆ ನಡು ಸಣ್ಣ, ಎರಡೂ ಕಡೆ ಗುಂಡಗೆ. "ಹೊರಗ ಬರ್ಲಿಕ್ಕತ್ತದ, ಅಕ್ಕಾ," ಎಂದಳು.

ಕೋಳಿಯ ತತ್ತಿಗಷ್ಟೇ ಸಿಪ್ಪೆ ಎಂದುಕೊಂಡಿದ್ದೆ. ಮನುಷ್ಯನ ಅಂಡಕ್ಕೂ ಒಂದು ಹೊದಿಕೆ ಇದೆ. ಜೋನಾ ಪೆಲ್ಯೂಸಿಡಾ ಎಂದು ಅದರ ಹೆಸರು. ದಪ್ಪ ಸುಮಾರು 15 ಮೈಕ್ರಾನ್, ಅಂದರೆ ತಲೆಗೂದಲಿನ ದಪ್ಪದ ನಾಲ್ಕರಲ್ಲೋ ಐದರಲ್ಲೋ ಒಂದು ಪಾಲು. ಇಷ್ಟು ತೆಳ್ಳಗಿದ್ದೂ ಅದು ಮಾಡುವ ಕೆಲಸ ನೋಡಿ. ಒಂದು ವೀರ್ಯಾಣು ಅಂಡವನ್ನು ಸೇರಿದ ಕೂಡಲೇ ಗಟ್ಟಿಯಾಗಿ ಮಿಕ್ಕವುಗಳಿಗೆ ಬಾಗಿಲು ಹಾಕುತ್ತದೆ. ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುವ ಕೋಶಗಳನ್ನು ಚದುರದಂತೆ ಹಿಡಿದಿಡುತ್ತದೆ. ನಾಳದ ದಾರಿಯಲ್ಲಿ ಭ್ರೂಣ ಎಲ್ಲೆಂದರಲ್ಲಿ ಅಂಟಿಕೊಳ್ಳದಂತೆ ಕಾಯುತ್ತದೆ. ಗರ್ಭಕೋಶ ಮುಟ್ಟಿದ ಮೇಲೆ, ಆರನೇ ದಿನದ ಹೊತ್ತಿಗೆ, ಇಷ್ಟೆಲ್ಲ ಕಾದ ಅದೇ ಗೋಡೆ ಬಿರಿಯಲೇಬೇಕು. ಬಿರಿಯದಿದ್ದರೆ ಭ್ರೂಣಕ್ಕೆ ತಾಯಿಯ ಒಡಲು ತಾಕುವುದೇ ಇಲ್ಲ. ಒಳಗೆ ನೀರು ತುಂಬಿಕೊಂಡು ಅದು ಹಿಗ್ಗುತ್ತದೆ, ಗೋಡೆ ತೆಳುವಾಗುತ್ತದೆ, ಒಂದು ಕಡೆ ಸೀಳುತ್ತದೆ. ನಮ್ಮಲ್ಲಿ ಪ್ರತಿಯೊಬ್ಬರೂ ಹೀಗೆ ಒಮ್ಮೆ ತತ್ತಿ ಒಡೆದುಕೊಂಡು ಬಂದವರೇ. ತಾಯಿಗೂ ಗೊತ್ತಾಗದ ಆ ಮೊದಲ ಹುಟ್ಟನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ತಂಗಿಯ ಭ್ರೂಣವನ್ನು ಹೆಪ್ಪುಗಟ್ಟಿಸಿಟ್ಟು ಆಮೇಲೆ ಹೊರತೆಗೆದಿದ್ದರು. ಹಾಗೆ ಇಟ್ಟದ್ದರ ಗೋಡೆ ಬಿರುಸಾಗಬಹುದು ಎಂಬ ಎಣಿಕೆಯಿಂದ ಲೇಸರ್ ಹಾಯಿಸಿದರು. ಸೆಕೆಂಡಿನ ಸಾವಿರದ ಕೆಲವೇ ಪಾಲಿನಷ್ಟು ಹೊತ್ತು, ಕೋಶಗಳಿಗೆ ಬಿಸಿ ತಾಗದಂತೆ, ಗೋಡೆಗೆ ಒಂದು ಕಿಂಡಿ. ಇದಕ್ಕೆ ಅಸಿಸ್ಟೆಡ್ ಹ್ಯಾಚಿಂಗ್ ಎನ್ನುತ್ತಾರೆ. ಜಾಕ್ ಕೊಹೆನ್ ಮತ್ತು ಸಂಗಡಿಗರು 1990ರಲ್ಲಿ ಇದರ ವರದಿ ಪ್ರಕಟಿಸಿದಾಗ ಅವರು ಬಳಸಿದ್ದು ಲೇಸರ್ ಅಲ್ಲ. ಮೊದಮೊದಲಿನ ಕೆಲಸ ಗಾಜಿನ ಸೂಜಿಯಲ್ಲಿ, ಆಮ್ಲದ ಹನಿಯಲ್ಲಿ.

ನಮ್ಮೂರ ಗಣಿಯಲ್ಲಿ ಪರ್ಸಿ ಎಬ್ಬಿಸುವವರ ಕೈ ನೋಡಿದವರಿಗೆ ಈ ಹದ ಅರ್ಥವಾದೀತು. ಪದರದ ಸಂದಿಗೆ ಉಳಿ ಇಟ್ಟು ತಟ್ಟುತ್ತಾ ಹೋಗುತ್ತಾರೆ. ಕಲ್ಲು ತನ್ನ ಪದರದಲ್ಲೇ ಬಿಡುತ್ತದೆ. ಏಟು ಹೆಚ್ಚಾದರೆ ಹಾಸು ಕೈಗೆ ಬರುವುದಿಲ್ಲ, ಚೂರು ಬರುತ್ತದೆ.

ಆದರೆ ಕಿಂಡಿ ತೆಗೆದ ಮಾತ್ರಕ್ಕೆ ಮಗು ಎಂದು ಯಾರಾದರೂ ಹೇಳಿದರೆ ನಂಬಬಾರದು. ಇಷ್ಟು ವರ್ಷದ ಪರೀಕ್ಷೆಗಳನ್ನೆಲ್ಲ ಒಟ್ಟಿಗೆ ತೂಗಿದವರಿಗೂ ಇದರಿಂದ ಹೆಚ್ಚು ಮಕ್ಕಳು ಹುಟ್ಟುತ್ತಾರೆಂದು ಖಚಿತವಾಗಿ ಕಂಡಿಲ್ಲ. ಅವಳಿಯ ಸಂಭವ ತುಸು ಹೆಚ್ಚಬಹುದು. ಎಲ್ಲರಿಗೂ ಮಾಡುವಂಥದ್ದಲ್ಲ. ನಮಗೆ ಯಾಕೆ ಬೇಕು ಎಂದು ಡಾಕ್ಟರನ್ನು ಕೇಳುವ ಹಕ್ಕು ಹಣ ಕಟ್ಟುವ ಪ್ರತಿ ದಂಪತಿಗೂ ಇದೆ.

ಭ್ರೂಣ ಹೆಪ್ಪುಗಟ್ಟಿಸುವ ಮಾತು ಬಂದಾಗ ಕೋಲ್ಕತ್ತದ ಡಾ. ಸುಭಾಷ್ ಮುಖೋಪಾಧ್ಯಾಯರು ನೆನಪಾಗುತ್ತಾರೆ. ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1978ರ ಜುಲೈ 25ಕ್ಕೆ. ಅದೇ ವರ್ಷ ಅಕ್ಟೋಬರ್ 3ಕ್ಕೆ ಮುಖೋಪಾಧ್ಯಾಯರು ಹೆಪ್ಪುಗಟ್ಟಿಸಿಟ್ಟ ಭ್ರೂಣದಿಂದ ಭಾರತದ ಮೊದಲ ಪ್ರನಾಳ ಶಿಶು ಹುಟ್ಟಿತು. ಯಾರೂ ನಂಬಲಿಲ್ಲ. 1981ರಲ್ಲಿ ಅವರು ಪ್ರಾಣ ಕಳೆದುಕೊಂಡರು. ಆ ಮಗು ಇಂದು ನಡುವಯಸ್ಸಿನ ಹೆಣ್ಣುಮಗಳು.

ತತ್ತಿಯ ಮಾತಿಗೆ ಮರಳುತ್ತೇನೆ. ನಮ್ಮ ನೆರೆಯ ಚಿತ್ತಾಪುರ ತಾಲ್ಲೂಕಿನಲ್ಲಿ, ಭೀಮೆಯ ದಂಡೆಯ ಸನ್ನತಿಯ ಹತ್ತಿರ, ಕನಗನಹಳ್ಳಿಯ ಸ್ತೂಪವಿದೆ. ಈ ಸೀಮೆಯ ಸುಣ್ಣಕಲ್ಲಿನಲ್ಲೇ ಬುದ್ಧನ ಕಥೆ ಕಡೆದಿದ್ದಾರೆ. ಆ ಬುದ್ಧ ಭಿಕ್ಷುಗಳಿಗೆ ಕೋಳಿಯ ಉಪಮೆ ಹೇಳಿದ್ದುಂಟು. ಕೋಳಿ ಸರಿಯಾಗಿ ಕಾವು ಕೊಟ್ಟಿದ್ದರೆ, ಮರಿಗಳು ಕ್ಷೇಮವಾಗಿ ಬರಲಿ ಎಂದು ಅದು ಬಯಸದಿದ್ದರೂ ಅವು ಕೊಕ್ಕಿನಿಂದ ಒಡೆದುಕೊಂಡು ಬರಬಲ್ಲವು ಎಂದು. ಇದನ್ನು ಓದಿದ ದಿನ ನನಗೆ ಅಜ್ಜಿಯ ಕೈ ನೆನಪಾಯಿತು. ಲೇಸರ್ ಹಿಡಿದವರ ಕೆಲಸವೂ ಕಿಂಡಿಯ ತನಕ. ಆ ಕಿಂಡಿಯಲ್ಲಿ ನುಸುಳುವುದು ಒಳಗಿನ ನೂರು ಚಿಲ್ಲರೆ ಕೋಶಗಳ ಕೆಲಸ.

ಭ್ರೂಣವನ್ನು ತಂಗಿಯ ಗರ್ಭಕ್ಕೆ ಇಟ್ಟು ಇವತ್ತಿಗೆ ಒಂಬತ್ತನೇ ದಿನ. ಹದಿನಾಲ್ಕಕ್ಕೆ ರಕ್ತ ಪರೀಕ್ಷೆ. ಅವಳ ಮೊಬೈಲು ದಿನವಿಡೀ ಬಡಿದುಕೊಳ್ಳುತ್ತದೆ: "ಏನಾತು? ಏನರೆ ಅದ ಏನು?" ನೆಂಟರಲ್ಲಿ, ಓಣಿಯವರಲ್ಲಿ, ಇಂಥ ಹೆಣ್ಣುಮಗಳು ಮನೆಯಲ್ಲಿರುವ ಎಲ್ಲರಲ್ಲಿ ಕೈಮುಗಿದು ಕೇಳುತ್ತೇನೆ: ಇನ್ನು ಐದು ದಿನ ಏನೂ ಕೇಳಬೇಡಿ.