ಅಗ್ಗದ ಮದ್ದಿನ ಬೆಲೆ ತೆರುವವರು ಯಾರು?

ಕಾಯಿಲೆ ಬಂದಾಗ ನಾವು ಮಾತ್ರೆ ನುಂಗುತ್ತೇವೆ, ಗುಣವಾದೊಡನೆ ಮರೆಯುತ್ತೇವೆ. ಆ ಮಾತ್ರೆ ತಯಾರಾದ ಊರಿನ ನೀರು ಏನಾಯಿತೆಂದು ಕೇಳುವುದಿಲ್ಲ.

ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ ಸುಮಾರು 90 ಔಷಧ ತಯಾರಕರ ತ್ಯಾಜ್ಯ ನೀರು ಸೇರುತ್ತಿದ್ದ ಶುದ್ಧೀಕರಣ ಘಟಕವೊಂದನ್ನು ಸ್ವೀಡನ್ನಿನ ಸಂಶೋಧಕರು ಪರೀಕ್ಷಿಸಿದರು. ಶುದ್ಧೀಕರಿಸಿ ಹೊರಬಿಟ್ಟ ನೀರಿನಲ್ಲೂ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಇತ್ತೆಂದು 2007ರಲ್ಲಿ ಪ್ರಕಟಿಸಿದರು. ಇಂಥ ನೀರಿನಲ್ಲಿ ಮದ್ದಿಗೆ ಬಗ್ಗದ ರೋಗಾಣುಗಳು ಬೆಳೆಯುತ್ತವೆ. ಜೀವ ಉಳಿಸಬೇಕಾದ ಔಷಧವೇ ನಾಳೆ ಇನ್ನೊಬ್ಬ ರೋಗಿಗೆ ನಿಷ್ಪ್ರಯೋಜಕವಾಗುತ್ತದೆ.

ವಿಜ್ಞಾನ ಇದಕ್ಕೊಂದು ದಾರಿ ತೋರಿಸಿದೆ. ಗೋಡೆಯ ಬಣ್ಣಕ್ಕೆ ಬಳಸುವ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿಯ ಮೇಲೆ ಅತಿನೇರಳೆ ಕಿರಣ ಬಿದ್ದರೆ, ನೀರಿನಲ್ಲಿ ಹೈಡ್ರಾಕ್ಸಿಲ್ ಎಂಬ ಚುರುಕು ಕಣಗಳು ಹುಟ್ಟಿ ಔಷಧದ ಅಣುಗಳನ್ನು ಒಡೆಯುತ್ತವೆ. ಪುಡಿ ಮಾತ್ರ ಖರ್ಚಾಗುವುದಿಲ್ಲ. ಆದರೆ ಬಿಸಿಲಿನಲ್ಲಿ ಈ ಕಿರಣಗಳ ಪಾಲು ಸುಮಾರು ಶೇ. 5 ಮಾತ್ರ. ಕದಡಿದ ನೀರಿನಲ್ಲಿ ಬೆಳಕು ಆಳಕ್ಕಿಳಿಯದು. ಅರೆಬರೆ ಒಡೆದ ಅಣುಗಳೂ ಕೆಲವೊಮ್ಮೆ ವಿಷವೇ. ಹೀಗಾಗಿ ಈ ವಿಧಾನಕ್ಕೆ ದೀಪ, ವಿದ್ಯುತ್ತು, ನಿಗಾ ಎಲ್ಲವೂ ಬೇಕು. ಅಂದರೆ ಹಣ ಬೇಕು.

ಪ್ರಶ್ನೆ ಇರುವುದು ಇಲ್ಲೇ. ಈ ಖರ್ಚು ಸೇರಿಸಿದರೆ ಮದ್ದು ದುಬಾರಿಯಾಗಿ ಬಡವನಿಗೆ ಎಟುಕದು ಎನ್ನುವವರಿದ್ದಾರೆ. ಮಾತು ಸುಳ್ಳಲ್ಲ. ಆದರೆ ಸೇರಿಸದಿದ್ದರೆ ಆ ಖರ್ಚು ಇಲ್ಲವಾಗುವುದಿಲ್ಲ. ಕಾಲುವೆಯ ಕೆಳಗಿನ ರೈತ ತನ್ನ ಬಾವಿ, ಬೆಳೆ, ಆರೋಗ್ಯದ ರೂಪದಲ್ಲಿ ಅದನ್ನು ತೆರುತ್ತಾನೆ. ಅವನೂ ಬಡವನೇ. ಒಬ್ಬ ಬಡವನ ಹೆಸರು ಹೇಳಿ ಇನ್ನೊಬ್ಬನ ನೀರು ಕೆಡಿಸುವುದು ನ್ಯಾಯವಲ್ಲ. ಶುದ್ಧೀಕರಣದ ಹೊರೆಯನ್ನು ಲಾಭ ಪಡೆಯುವ ತಯಾರಕ, ಕೊಳ್ಳಬಲ್ಲ ನಾವು ಮತ್ತು ಸರಕಾರ ಹಂಚಿಕೊಳ್ಳಬೇಕು. ತೊಳೆಯುವ ಉಪಾಯ ಸಿಕ್ಕಿತೆಂಬುದು ಕೊಳೆ ಮಾಡಲು ಪರವಾನಗಿಯಲ್ಲ.